ಸುರಪುರದ ಪಲ್ಲಂಗ ಮತ್ತು ನಮ್ಮ ಓಣಿಯ ಕಾಕಾ

ಶರಣು, ಭಾಗ್ಯಾ,

ಹೋದ ವಾರ ಮದುವೆ ಮನೆಯಿಂದ ಬಂದವರೇ ನೀವಿಬ್ಬರೂ ನಗುತ್ತ ನನಗೊಂದು ಕಥೆ ಹೇಳಿದಿರಿ. ಶಹಾಪುರದಲ್ಲಿ ಹಿಂದೆ ಒಬ್ಬ ಬಡಿಗ ಇದ್ದನಂತೆ. ಹೆಣ ಮಲಗಿದ್ದ ಮಂಚಕ್ಕೆ ಎಣ್ಣೆ ಹಚ್ಚಿ, ಹೊಸದೆಂದು ಸುಳ್ಳು ಹೇಳಿ, ಸ್ವಂತ ಮಗಳ ಮದುವೆಗೇ ಕೊಟ್ಟನಂತೆ. ಅದರ ಮೇಲೆ ಮಲಗಿದ ಮೊಮ್ಮಗ ಸತ್ತೇ ಹೋದನಂತೆ. "ಆಯಿ, ಆ ಮುದುಕ ನಿಮ್ಮ ಓಣಿಯಾಂವನ ಅಂತ, ಖರೇನಾ?" ಎಂದು ಭಾಗ್ಯಾ ಕೇಳಿದಳು. ನಾನು ಅಕ್ಕಿ ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ. ಆಯಿಗೆ ಕಿವಿ ಮಂದ ಆಗ್ಯಾವ ಎಂದು ನೀವು ಒಳಗೆ ಹೋದಿರಿ.

ಕಿವಿ ಸರಿಯಾಗಿಯೇ ಇವೆ. ಮಾತು ಬರಲಿಲ್ಲ ಅಷ್ಟೆ. ಮೊದಲಿನಿಂದಲೂ ನಾನು ಹಾಗೆಯೇ. ಆಡಬೇಕಾದ ಮಾತು ಗಂಟಲಲ್ಲಿ ನಿಂತುಕೊಂಡು, ಜನ ಎದ್ದು ಹೋದ ಮೇಲೆ ನಾಲಿಗೆಗೆ ಬರುತ್ತದೆ. ವನದುರ್ಗದ ಶಾಲೆಯಲ್ಲಿ ಏಳನೆಯ ತನಕ ಕಲಿತ ಅಕ್ಷರ ಇನ್ನೂ ಕೈಯಲ್ಲಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಬಡಿಗರ ಹೆಸರು ಬರೆಯುವುದಿಲ್ಲ. ಅವರ ಮಗಳ ಹೆಸರನ್ನೂ ಬರೆಯುವುದಿಲ್ಲ. ಯಾಕೆಂಬುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನನಗೂ ಅವರು ಕಾಕಾ.

ನಾನು ಮದುವೆಯಾಗಿ ಶಹಾಪುರಕ್ಕೆ ಬಂದಾಗ ಕಾಲುವೆಗೆ ನೀರು ಬಿಟ್ಟ ಹೊಸತು. ನಿಮ್ಮ ಮುತ್ಯಾನಿಗೆ, ನನ್ನ ಗಂಡನಿಗೆ, ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ. ಜೋಳದ ಹೊಲಗಳಲ್ಲಿ ಭತ್ತ ನಿಂತಿತ್ತು. ನೀರು ಬಂದಲ್ಲಿ ಹಣವೂ ಬಂತು, ಹಣದ ಹಿಂದೆಯೇ ಮನೆಮನೆಗೆ ಕಬ್ಬಿಣದ ತಿಜೋರಿ, ಕಬ್ಬಿಣದ ಮಂಚ ಬಂದವು. ಮುತ್ತಜ್ಜನ ಕಾಲದ ಕುರ್ಚಿ, ಮೇಜು, ಪೆಟ್ಟಿಗೆಗಳು ದನದ ಕೊಟ್ಟಿಗೆ ಸೇರಿದವು. ಹೊಲ ಹಸಿಯಾದಂತೆ ಗೋಡೆಗಳೂ ಹಸಿಯಾಗಿ ಗೆದ್ದಲು ಎದ್ದಿತ್ತು. ಕೊಟ್ಟಿಗೆಗೆ ಹಾಕಿದ್ದನ್ನು ಗೆದ್ದಲು ತಿನ್ನುತ್ತಿತ್ತು. ಗೆದ್ದಲಿಗಿಂತ ಮೊದಲು ಅಲ್ಲಿಗೆ ಹೋಗಿ ಮುಟ್ಟುವವರು ಕಾಕಾ. ಜನ ಬಿಸಾಡಿದ್ದನ್ನು ಕೇಳಿ ತಂದು, ಸರಿಮಾಡಿ, ಹೊಸದು ಕೊಳ್ಳಲಾಗದವರಿಗೆ ಕೊಡುವುದು ಅವರ ಕಸುಬು.

ಕಾಕಾ ಕುಳ್ಳಗೆ, ಕಪ್ಪಗೆ ಇದ್ದರು. ಕಟ್ಟಿಗೆ ನುಣುಪು ಮಾಡುವ ರಂದಾ ಹೊಡೆದು ಹೊಡೆದು ಬಲಗಡೆಯ ಭುಜ ಎಡಗಡೆಗಿಂತ ತಗ್ಗಾಗಿತ್ತು. ಹುಬ್ಬಿನ ಕೂದಲಲ್ಲಿ ಯಾವಾಗಲೂ ಕಟ್ಟಿಗೆಯ ಪುಡಿ. ಮುರಿದ ಸಾಮಾನು ತಂದಿಟ್ಟರೆ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದರು. ಸಾಮಾನುಗಳನ್ನು ಅವು ಬಂದ ಮನೆಯವರ ಹೆಸರಿನಿಂದಲೇ ಕರೆಯುತ್ತಿದ್ದರು. "ಪಟವಾರಿಗೆ ಒಂದು ಕಾಲು ಹಚ್ಚಬೇಕು", "ಗೌಡಶಾನಿ ಬೆನ್ನು ಬಿಟ್ಟಾಳ, ಮೊಳಿ ಹೊಡೀಬೇಕು" ಎಂದು ಅವರು ಅಂಗಳದಲ್ಲಿ ಗಟ್ಟಿಯಾಗಿ ಅನ್ನುವಾಗ, ದಾರಿಯಲ್ಲಿ ಹೋಗುವ ಹೊಸಬರು ಹೆದರಿ ನಿಲ್ಲುತ್ತಿದ್ದರು.

ದುಡ್ಡು ಖರ್ಚು ಮಾಡಲು ಇಲ್ಲದ್ದರಿಂದ ಅವರ ಕೆಲಸಕ್ಕೆಲ್ಲ ಪುಕ್ಕಟೆಯ ಸಾಮಾನೇ ಬೇಕು. ಒಡೆದ ಸೀಸೆಯ ಚೂರಿನಿಂದ ಹಳೆಯ ಬಣ್ಣ ಕೆರೆಯುತ್ತಿದ್ದರು. ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುತ್ತಿದ್ದರು. ಗೆದ್ದಲು ತಿಂದ ತೂತಿಗೆ ಕಟ್ಟಿಗೆಯ ಪುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬುತ್ತಿದ್ದರು. ಕೊನೆಗೆ ಅಗಸಿ ಎಣ್ಣೆ. ಎಣ್ಣೆ ಹಚ್ಚುವ ದಿನ ನಮ್ಮ ಮನೆಯ ರೊಟ್ಟಿಗೂ ಅದೇ ವಾಸನೆ.

ಹೊಸ ಸೊಸೆಯಾಗಿ ನಾನೊಂದು ಕಾಲು ಮುರಿದ ಕುರ್ಚಿ ಹೊತ್ತುಕೊಂಡು ಅವರ ಅಂಗಳಕ್ಕೆ ಹೋಗಿ, ಏನೂ ಹೇಳಲಾರದೆ ಸೆರಗು ಎಳೆದುಕೊಂಡು ನಿಂತಿದ್ದೆ. ಅವರು ಕುರ್ಚಿಯ ಕಡೆ ತಿರುಗಿ, "ಏನಪ್ಪಾ, ನಿಮ್ಮ ಮನಿ ಸೊಸಿ ಬಾಯಿಗಿ ಕೀಲಿ ಹಾಕ್ಯಾಳ. ನೀನರ ಹೇಳು, ಎಲ್ಲಿ ನೋಯಾಕತ್ತದ?" ಎಂದು ಕೇಳಿದರು. ನನಗೆ ನಗು ತಡೆಯಲಿಲ್ಲ. ಆ ಊರಿನಲ್ಲಿ ನಾನು ಮೊದಲು ನಕ್ಕದ್ದು ಅವತ್ತು.

ಅವರ ಹೆಂಡತಿ ಬೇಗನೆ ತೀರಿಕೊಂಡಿದ್ದರು. ಒಬ್ಬಳೇ ಮಗಳು. ಅವಳು ನನ್ನನ್ನು ಯಕ್ಕಾ ಎನ್ನುತ್ತ, ಹಿಟ್ಟು ಸಾಲದಾದಾಗ ನಮ್ಮ ಮನೆಗೆ ಬಂದು, ಕೊಟ್ಟ ಮೇಲೆಯೂ ಕೂತು ಹರಟುವವಳು. ನಾನು ಕೇಳುವವಳು.

ಈಗ ನೀವು ಕೇಳಿದ ಮಾತಿಗೆ ಬರುತ್ತೇನೆ. ನಮ್ಮ ಕಡೆ ನುಲಿ ಹಗ್ಗ ಹೆಣೆದ ಮಂಚದ, ಅಂದರೆ ಹೊರಸಿನ ಮೇಲೆ ಜೀವ ಹೋದರೆ ಆ ಹೊರಸನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ನುಲಿ ಕೊಯ್ದು ಊರ ಹೊರಗೆ ಬೇಲಿಗೆ ಒಗೆಯುತ್ತಿದ್ದರು. ಕಾಕಾ ಅವನ್ನೂ ತರುತ್ತಿದ್ದರು. ತೊಳೆದು, ಬಿಸಿಲಿಗಿಟ್ಟು, ರಂದಾ ಹೊಡೆದು, ಹೊಸ ನುಲಿ ಹೆಣೆಯುತ್ತಿದ್ದರು. "ಕಟ್ಟಿಗಿಗೆ ಸೂತಕ ಇಲ್ಲವ್ವ, ಸೂತಕ ಎಲ್ಲಾ ಮನಿಶ್ಯಾಗ" ಎಂಬುದು ಅವರ ಮಾತು. ಆದರೆ ಒಬ್ಬರಿಗೂ ಮುಚ್ಚಿಟ್ಟು ಕೊಟ್ಟವರಲ್ಲ. ಕೊಳ್ಳಲು ಬಂದವರಿಗೆ ಮೊದಲೇ ಹೇಳಿಬಿಡುತ್ತಿದ್ದರು: "ಇದು ಇಂಥವರ ಮನೀದು. ಇದರ ಮ್ಯಾಲ ಮುದುಕ ತೀರಿಕೊಂಡಾನ. ಮನಸಿಗಿ ಬಂದ್ರ ಒಯ್ರಿ, ಇಲ್ಲಾಂದ್ರ ಬ್ಯಾಡ." ಕೂಲಿ ಮಾಡುವವರು, ನೆಲದ ಹಸಿಗೆ ಸೊಂಟ ಹಿಡಿದವರು ಒಯ್ಯುತ್ತಿದ್ದರು. ನಾನೂ ನಿಮ್ಮ ಮುತ್ಯಾನೂ ಮಲಗುತ್ತಿದ್ದ ಹೊರಸು ಅಂಥದ್ದೇ.

ಮಗಳಿಗೆ ವಡಗೇರಾದಲ್ಲಿ ಸಂಬಂಧ ಕೂಡಿಬಂದಾಗ ಹೆಣ್ಣಿನ ಕಡೆಯವರು ಮಂಚ ಕೊಡಬೇಕೆಂದು ಮಾತಾಯಿತು. ಹೊಸ ಮಂಚ ಮಾಡುವಷ್ಟು ಸಾಗವಾನಿ ಅವರಿಗೆ ಎಲ್ಲಿಂದ ಬರಬೇಕು? ಸುರಪುರದ ಸಿರಿವಂತರ ಒಂದು ವಾಡೆಯಲ್ಲಿ ಹಿರಿಯ ಅವ್ವ ತೀರಿಕೊಂಡು, ಅವಳ ಪಲ್ಲಂಗ ಹಿತ್ತಲಿನಲ್ಲಿ ಬಿದ್ದಿತ್ತು. ವಾಡೆಯವರು ಒಯ್ಯಿರಿ ಎಂದರು. ಬಂಡಿಯಲ್ಲಿ ತಂದು ಇಳಿಸಿದಾಗ ಅದು ಪಲ್ಲಂಗದಂತೆ ಇರಲೇ ಇಲ್ಲ. ಒಂದರ ಮೇಲೊಂದು ಹೊಡೆದ ಬಣ್ಣ, ಒಂದು ಕಾಲನ್ನು ಗೆದ್ದಲು ಅರ್ಧ ತಿಂದಿತ್ತು.

ಆ ಮಳೆಗಾಲವೆಲ್ಲ ಅಪ್ಪ ಮಗಳು ಅದರ ಮುಂದೆಯೇ ಕೂತರು. ಅಪ್ಪ ಬಣ್ಣ ಕೆರೆದಂತೆ ಒಳಗಿನಿಂದ ಕಮಲದ ಹೂ, ಗಿಳಿ ಒಂದೊಂದಾಗಿ ಹೊರಬಂದವು. ಕೆಟ್ಟ ಕಾಲನ್ನು ಅರ್ಧಕ್ಕೆ ಕೊಯ್ದು, ಹಳೆಯ ಬಾಗಿಲಿನ ಕಟ್ಟಿಗೆಯಿಂದ ಹೊಸ ಅರ್ಧ ಕೂಡಿಸಿದರು. ಜೋಡಣೆ ಎಲ್ಲಿದೆಯೆಂದು ಬೆರಳಿಗೂ ಸಿಗುತ್ತಿರಲಿಲ್ಲ. ಮಗಳು ಎಣ್ಣೆ ಹಚ್ಚುತ್ತಿದ್ದಳು.

"ಮೆಲ್ಲಗ ಹಚ್ಚು. ಜೋಳದ ಹಿಟ್ಟು ನಾದಿದಂಗ ಮಾಡಬ್ಯಾಡ."

"ಅಪ್ಪಾ, ನಿನ್ನ ಮಾತು ಕೇಳಿ ಕೇಳಿ ಗಿಳಿಗಿ ನಿದ್ದಿ ಬಂದದ ನೋಡು."

"ಅತ್ತಿ ಮನ್ಯಾಗ ಹಿಂಗ ಮಾತಾಡು, ತಿರುಗಿ ಕಳಸ್ತಾರ."

"ಕಳಸಲಿ. ನನಗೇನು, ಇಲ್ಲೇ ಎಣ್ಣಿ ಹಚ್ಚಕೋತ ಕೂಡ್ತೀನಿ."

ಮದುವೆಗೆ ಮೊದಲು ಬೀಗರು ಪಲ್ಲಂಗ ನೋಡಲು ಬಂದರು. ನಾನು ಚಾ ಮಾಡಿ ಒಯ್ದಿದ್ದೆ, ಬಾಗಿಲ ಹಿಂದೆ ನಿಂತಿದ್ದೆ. ಆದ್ದರಿಂದ ಇದು ಯಾರೋ ಹೇಳಿದ ಮಾತಲ್ಲ, ನನ್ನ ಕಿವಿಯಿಂದ ಕೇಳಿದ್ದು. ಕಾಕಾ ಹೇಳಿದರು: "ಬೀಗರ, ಇದು ಸುರಪುರದ ವಾಡೇದ್ದು. ಅಲ್ಲಿಯ ಹಿರೇ ಅವ್ವ ಇದರ ಮ್ಯಾಲೇ ಕಣ್ಣು ಮುಚ್ಯಾಳ. ನಿಮಗ ಮನಸಿಲ್ಲಾಂದ್ರ ಜಾಲಿ ಕಟ್ಟಿಗಿದು ಸಾದಾ ಮಂಚ ಮಾಡಿ ಕೊಡ್ತೀನಿ."

ಬೀಗರು ಗಿಳಿಯ ಮೇಲೆ ಕೈಯಾಡಿಸಿದರು. "ಸಾಗವಾನಿ ಅದಲ್ಲರಿ? ಮುದುಕಿ ಏನು ಎದ್ದು ಬರ್ತಾಳೇನು? ಇದೇ ಇರಲಿ ಬಿಡ್ರಿ" ಎಂದು ನಕ್ಕರು. ಪಲ್ಲಂಗ ವಡಗೇರಾಕ್ಕೆ ಹೋಯಿತು. ಹಿಂದೆಯೇ ಮಗಳೂ ಹೋದಳು.

ಅವಳಿಗೆ ಗಂಡು ಕೂಸು ಹುಟ್ಟಿತು. ಕಾಕಾ ಓಣಿಗೆಲ್ಲ ಸಕ್ಕರೆ ಹಂಚಿದರು. ಕೂಸು ಮಗ್ಗುಲಾಗುವ ಹೊತ್ತಿಗೆ ಆ ಮಳೆಗಾಲದ ಜ್ವರ ಬಂತು. ಗದ್ದೆಯಲ್ಲಿ ನೀರು ನಿಂತು ಸೊಳ್ಳೆ ಮುತ್ತಿದ ವರ್ಷ ಅದು. ನಮ್ಮಲ್ಲಿಯೂ ಎಷ್ಟೋ ಮನೆಗಳಲ್ಲಿ ಕೂಸುಗಳು ಹೋದವು. ಅವಳದೂ ಹೋಯಿತು.

ಆಮೇಲೆ ಮಾತಾಡಿಸಲು ಬಂದ ಸುರಪುರದ ನೆಂಟರೊಬ್ಬರು ಪಲ್ಲಂಗವನ್ನು ಗುರುತು ಹಿಡಿದರು. ಅದರ ಮೇಲೆ ಜೀವ ಹೋಗಿತ್ತೆಂದು ಊರಿಡೀ ಸುದ್ದಿಯಾಯಿತು. ಬೀಗರು ತಮಗೆ ಏನೂ ಗೊತ್ತೇ ಇರಲಿಲ್ಲ ಎಂದುಬಿಟ್ಟರು.

ಪಂಚಮಿಗೆ ಮಗಳನ್ನು ಕರೆಯಲು ಹೋದ ಕಾಕಾ ಒಬ್ಬರೇ ತಿರುಗಿ ಬಂದರು. ಮತ್ತೆ ಹೋದರು, ಮತ್ತೆ ಒಬ್ಬರೇ ಬಂದರು. ಹೋದಾಗಲೆಲ್ಲ ಬೀಗರ ಜೊತೆ ವಾದ: ನಾ ಹೇಳಿ ಕೊಟ್ಟಿದ್ದೆ, ಕಟ್ಟಿಗಿಗೆ ಸೂತಕ ಇಲ್ಲ. ಮಗಳು ಹೊರಗೆ ಬಂದು ಮುಖವನ್ನೂ ತೋರಿಸಲಿಲ್ಲವಂತೆ. "ಯವ್ವಾ, ಆಕಿನೂ ಹಂಗ ತಿಳಕೊಂಡಾಳೇನು? ನಾನೇ ಕೂಸಿನ ಕೊಂದೆ ಅಂತ?" ಎಂದು ನನ್ನನ್ನು ಕೇಳಿದರು. ಅವರ ಕೈಯಲ್ಲಿ ಸೀಸೆಯ ಚೂರು ಇತ್ತು, ಅದರಿಂದ ಅವರು ಏನನ್ನೂ ಕೆರೆಯುತ್ತಿರಲಿಲ್ಲ.

ಬಸ್ಸಿನಲ್ಲಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ ನಾನು. ಹೋದೆ. ವಡಗೇರಾದಲ್ಲಿ ಅವಳು ಬಟ್ಟೆ ಒಗೆಯಲು ನೀರಿಗೆ ಬಂದಿದ್ದಳು, ಅಲ್ಲಿಯೇ ಸಿಕ್ಕಳು. ಕುಪ್ಪಸ ಅವಳ ತೋಳಿನಲ್ಲಿ ಸಡಿಲಾಗಿತ್ತು. ಹರಟುತ್ತಿದ್ದವಳು ಇವಳೇ ಹೌದೋ ಅಲ್ಲವೋ ಅನ್ನಿಸಿತು.

"ಅಪ್ಪನ ಮ್ಯಾಲ ಸಿಟ್ಟದ ಏನು ನಿನಗ?" ಎಂದು ಕೇಳಿದೆ.

"ಯಾಕ ಸಿಟ್ಟು ಯಕ್ಕಾ? ಕೂಸು ಜ್ವರಕ್ಕ ಹೋತು. ಬಾಜೂ ಮನಿ ಕೂಸೂ ಹೋತು. ಅದೇನು ನಮ್ಮ ಪಲ್ಲಂಗದ ಮ್ಯಾಲ ಮಲಗಿತ್ತೇನು?"

"ಹಂಗಾದ್ರ ಮನಿಗಿ ಬಾ. ಅಪ್ಪ ಉಣವಲ್ಲರು."

ಅವಳು ಸೀರೆ ಹಿಂಡುವುದನ್ನು ನಿಲ್ಲಿಸಿದಳು. "ಹೆಂಗ ಬರಲಿ? ಕೂಸು ಹೋದಾಗ ಅತ್ತಿ ಮೊದಲ ಅಂದದ್ದು ನನ್ನ ಕಾಲ್ಗುಣ ಅಂತ. ಹುಟ್ಟಿದ ಕೂಡಲೇ ಅವ್ವನ ತಿಂದಾಕಿ, ಈಗ ಮಗನ ತಿಂದಳು ಅಂದ್ರು. ಮಗಗ ಬ್ಯಾರೆ ಹೆಣ್ಣು ನೋಡಾಕ ಮುದನಾಳಕ್ಕ ಹೋಗಿ ಬಂದಿದ್ರು. ಅಷ್ಟರಾಗ ಪಲ್ಲಂಗದ ಸುದ್ದಿ ಬಂತು. ಅವತ್ತಿನಿಂದ ನನ್ನ ಬಿಟ್ಟು ಪಲ್ಲಂಗಕ್ಕ ಬೈಯಾಕತ್ಯಾರ. ಅಪ್ಪ ಬಂದು ಕಟ್ಟಿಗಿಗೆ ಸೂತಕ ಇಲ್ಲ ಅಂದಾಗೊಮ್ಮೆ, ಹಂಗಾದ್ರ ತಪ್ಪು ಯಾರದು ಅಂತ ಎಲ್ಲಾರೂ ನನ್ನ ಕಡಿಗಿ ತಿರುಗತಾರ. ಪಲ್ಲಂಗ ಚೊಲೊ ಅಂದ್ರ ನಾ ಕೆಟ್ಟಾಕಿ ಆಗ್ತೀನಿ ಯಕ್ಕಾ."

ಬಕೆಟ್ಟಿನ ಇನ್ನೊಂದು ಕಡೆ ಹಿಡಿದು ಅವಳ ಜೊತೆ ಓಣಿಯ ತಿರುವಿನ ತನಕ ನಡೆದೆ.

ಶಹಾಪುರಕ್ಕೆ ಬಂದು ಅವಳು ಹೇಳಿದ ಹಾಗೆಯೇ ಕಾಕಾನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಆಕಿ ಉಣ್ಣಾಕತ್ಯಾಳೇನು?"

"ಸೊರಗ್ಯಾಳ ಕಾಕಾ."

ಮರುದಿನ ಬೆಳಿಗ್ಗೆ ಬಾಚಿ, ಗರಗಸ ಚೀಲಕ್ಕೆ ಹಾಕಿಕೊಂಡು ನಿಮ್ಮ ಮುತ್ಯಾನನ್ನು ಜೊತೆಗೆ ಕರೆದುಕೊಂಡು ವಡಗೇರಾಕ್ಕೆ ಹೋದರು. ಮುಂದಿನದು ನಿಮ್ಮ ಮುತ್ಯಾ ನನಗೆ ಹೇಳಿದ್ದು. ಬೀಗರ ಮನೆಯ ಮುಂದೆ ನಿಂತು, ಓಣಿಯ ಹಿರಿಯರನ್ನು ಕೂಗಿ ಕರೆದು, ಎಲ್ಲರಿಗೂ ಕೇಳುವ ಹಾಗೆ ಕಾಕಾ ಹೇಳಿದರಂತೆ: "ತಪ್ಪು ನಂದು. ಇದರ ಮ್ಯಾಲ ಜೀವ ಹೋಗಿತ್ತು. ನಾ ಮುಚ್ಚಿಟ್ಟೆ. ಬೀಗರಿಗಿ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಪುಕ್ಕಟೆ ಸಿಕ್ಕದ ಅಂತ ಆಸಿ ಮಾಡಿದೆ. ನನ್ನ ಮಗಳಿಗಿ ಏನೂ ಅನಬ್ಯಾಡ್ರಿ, ಆಕಿದು ಏನೂ ಇಲ್ಲ. ಕೂಸಿನ ಪಾಪ ನನ್ನ ತಲಿ ಮ್ಯಾಲ."

ಎಲ್ಲವೂ ಗೊತ್ತಿದ್ದ ಬೀಗರು ಅಂಗೈಯಲ್ಲಿನ ತಂಬಾಕನ್ನೇ ನೋಡುತ್ತ ನಿಂತರಂತೆ.

ಕಾಕಾ ಪಲ್ಲಂಗವನ್ನು ಅಂಗಳಕ್ಕೆ ತರಿಸಿ, ತಮ್ಮ ಕೈಯಿಂದಲೇ ಒಡೆಯಲು ಕೂತರು. ಅದು ಒಡೆಯಲಿಲ್ಲ. ತಾವೇ ಕೂಡಿಸಿದ ಜೋಡಣೆ, ಬಾಚಿಗೆ ಬಿಡಲಿಲ್ಲ. ಒದ್ದು ನೋಡಿದರು. ಕಡೆಗೆ ಗರಗಸ ತೆಗೆದು ಒಂದೊಂದೇ ಕಾಲನ್ನು ಕೊಯ್ದರು. ಮಗಳು ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ಕಾಕಾ ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿದ ಸುಳ್ಳು ಅಲ್ಲೇ ಬಿದ್ದುಹೋಗುತ್ತಿತ್ತು ಎಂದು ನಿಮ್ಮ ಮುತ್ಯಾ ಅಂದರು. ಕಟ್ಟಿಗೆಗೆ ಬೆಂಕಿ ಹಚ್ಚಿದ ಮೇಲೆ ಬೀಗಿತಿ ಹೇಳಿದಳಂತೆ, "ಇನ್ನ ಮ್ಯಾಲ ನಮ್ಮ ಹೊಸ್ತಿಲ ತುಳಿಬ್ಯಾಡ್ರಿ. ನಮ್ಮ ಸೊಸಿನೂ ನಿಮ್ಮ ಮನಿಗಿ ಬರಂಗಿಲ್ಲ."

"ಆಗಲಿ ಬೀಗಿತಿ" ಎಂದರಂತೆ ಕಾಕಾ.

ಅವಳಿಗೆ ಮನೆ ಉಳಿಯಿತು. ಬೇರೆ ಹೆಣ್ಣಿನ ಮಾತು ನಿಂತಿತು.

ಇಲ್ಲಿ ಕಾಕಾನ ಕಸುಬು ಹೋಯಿತು. ಆ ಸುದ್ದಿ ಬಸ್ಸಿಗಿಂತ ಮೊದಲೇ ಶಹಾಪುರ ಮುಟ್ಟಿತು. ಹೇಳಿ ಕೊಟ್ಟಿದ್ದನ್ನೇ ಒಯ್ದು ಎಷ್ಟೋ ವರ್ಷ ನೆಮ್ಮದಿಯಿಂದ ಮಲಗಿದವರು, ನಮಗೂ ಮುಚ್ಚಿಟ್ಟು ಕೊಟ್ಟಾನ ಎಂದು ಹೊರಸು ತಂದು ಅವರ ಅಂಗಳದಲ್ಲಿ ಒಗೆದು ಹೋದರು. ಕಾಕಾ ಒಬ್ಬರಿಗೂ ಎದುರು ಮಾತಾಡಲಿಲ್ಲ. ಭತ್ತದ ನಾಟಿಗೆ ಹೋಗುತ್ತಿದ್ದ ಒಬ್ಬ ಮುದುಕಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತು, "ಸತ್ತೋರು ಸತ್ತು ಸುಖವಾಗ್ಯಾರ. ನನ್ನ ಹೊರಸು ನಾ ಕೊಡಂಗಿಲ್ಲ. ಅದರ ಮ್ಯಾಲ ಮಲಗಿದ್ರನ ನನಗ ಮುಂಜಾನಿ ಏಳಾಕ ಬರ್ತದ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ಹೋದಳು. ಅವತ್ತು ಕಾಕಾ ಸ್ವಲ್ಪ ನಕ್ಕರು. ನಾವೂ ನಮ್ಮ ಹೊರಸು ಕೊಡಲಿಲ್ಲ. ಆಮೇಲೆ ಅವರು ಕೊಡಲಿ, ಸಲಿಕೆಗಳಿಗೆ ಹಿಡಿಯುವ ಕಟ್ಟಿಗೆಯ ಕಾವು ಹಾಕಿಕೊಡುತ್ತ ದಿನ ನೂಕಿದರು.

ಒಮ್ಮೆ ಧೈರ್ಯ ಮಾಡಿ ಕೇಳಿದೆ, "ಮುಚ್ಚಿಟ್ಟೆ ಅಂತ ಯಾಕ ಅಂದ್ರಿ ಕಾಕಾ? ಪಲ್ಲಂಗದ್ದೇ ದೋಷ ಅಂದಿದ್ರ ಸಾಕಿತ್ತಲ್ಲ. ನಾ ಕೇಳೀನಿ, ನೀವು ಹೇಳಿದ್ರಿ."

"ಅರ್ಧಾ ಸುಳ್ಳು ನಿಲ್ಲಂಗಿಲ್ಲವ್ವ, ಅಲುಗಾಡತದ. ನಾ ಹೇಳಿದ್ದೆ ಅಂದ್ರ ತಪ್ಪು ಬೀಗರದ್ದೂ ಆಗತದ. ಅವರ ತಪ್ಪಿನ ಸಿಟ್ಟು ಯಾರ ಮ್ಯಾಲ ತೀರಸ್ತಾರ? ಮನ್ಯಾಗ ಇರಾಕಿ ಆಕಿ ಒಬ್ಬಾಕಿ." ಮತ್ತೆ ಹೇಳಿದರು, "ಆಕಿ ಇರೂತನಕ ನೀ ಬಾಯಿ ಬಿಡಬ್ಯಾಡ." ನಾನು ಆಗಲಿ ಎಂದೆ. ಸುಮ್ಮನಿರುವುದು ನಾನು ಬಲ್ಲ ಕೆಲಸ ಎಂದುಕೊಂಡಿದ್ದೆ. ಕಾಕಾ ಬಾವಿಗೆ ಬಂದಾಗ ಹೆಂಗಸರು ಕೊಡ ಸರಿಸಿಕೊಳ್ಳುವುದನ್ನು ನೋಡುತ್ತ ಸುಮ್ಮನಿರುವುದು ಹೇಗಿರುತ್ತದೆಂದು ಆಗ ಗೊತ್ತಿರಲಿಲ್ಲ.

ನಿಮ್ಮ ಮುತ್ಯಾ ಕಾಲುವೆಯ ಕೆಲಸಕ್ಕೆ ಆ ಕಡೆ ಹೋದಾಗ ಸುದ್ದಿ ತರುತ್ತಿದ್ದರು. ಮಗಳಿಗೆ ಮತ್ತೆ ಕೂಸಾಯಿತು. ಸುದ್ದಿ ಕೇಳಿ ಕಾಕಾ ಕಣ್ಣು ಒರೆಸಿಕೊಂಡು, "ಎಲ್ಲಿ ಮಲಗಸ್ತಾರಂತ?" ಎಂದು ಕೇಳಿದರು.

"ಕಬ್ಬಿಣದ ಮಂಚ ತಂದಾರಂತ ಕಾಕಾ."

"ಕಬ್ಬಿಣ ಥಂಡಿ ಇರತದ. ಕೆಳಗ ದಪ್ಪನ್ನ ಕೌದಿ ಹಾಕಬೇಕು ಅಂತ ಹೇಳೋರು ಯಾರದಾರ ಅಲ್ಲಿ."

ನಾನು ಒಂದು ಕೌದಿ ಹೊಲಿದೆ. ಒಳಗೆ ಅವರ ಹಳೆಯ ಧೋತರವನ್ನೇ ಪದರ ಮಾಡಿ ಹಾಕಿ, ನನ್ನ ಉಡುಗೊರೆ ಎಂದು ಕಳಿಸಿದೆ. ಆ ಕೂಸನ್ನಾಗಲಿ, ಆಮೇಲೆ ಹುಟ್ಟಿದವರನ್ನಾಗಲಿ ಕಾಕಾ ನೋಡಲೇ ಇಲ್ಲ.

ಒಂದು ಮಧ್ಯಾಹ್ನ ಕಾವು ಕೆತ್ತುತ್ತ ಕೂತವರು ಅಲ್ಲಿಯೇ ಒರಗಿಕೊಂಡರು. ನಾನು ಮಜ್ಜಿಗೆ ಒಯ್ದಾಗ ಜೀವ ಇರಲಿಲ್ಲ. ಮಣ್ಣಿಗೆ ಮಗಳು ಬಂದಳು, ಗಂಡನ ಜೊತೆ. ಅತ್ತೆಮನೆಯವರು ಅಷ್ಟಕ್ಕೆ ಬಿಟ್ಟಿದ್ದರು. ಅವಳು ಅಳಲಿಲ್ಲ. ಅಪ್ಪನ ಬಾಯಿಗೆ ನೀರು ಬಿಟ್ಟು ಹಿಂದಕ್ಕೆ ಸರಿದು ನಿಂತಳು. "ಅಳತಾಳ ಯಾಕ? ಮಗನ ತಿಂದ ಅಪ್ಪ" ಎಂದು ಹೆಂಗಸರು ಮಾತಾಡಿಕೊಂಡರು.

ಎಲ್ಲ ಮುಗಿದ ಮೇಲೆ ನೀರು ಕುಡಿಯುತ್ತೇನೆಂದು ನಮ್ಮ ಅಡಿಗೆಮನೆಗೆ ಬಂದಳು. ಬಾಗಿಲು ಮುಂದೆ ಮಾಡಿದಳು.

"ಯಕ್ಕಾ, ಅಪ್ಪ ನನಗ ಬೈತಿದ್ನೇನು?"

"ಇಲ್ಲವ್ವ. ಒಂದು ದಿನಾನೂ ಇಲ್ಲ."

"ಬೈದಿದ್ರ ಚೊಲೊ ಇತ್ತು" ಎಂದಳು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು, ಸಪ್ಪಳ ಮಾತ್ರ ಇರಲಿಲ್ಲ. ನಾನು ಹಿಡಿದುಕೊಂಡು ನಿಂತೆ. ಹೊರಗಿನಿಂದ ಅವಳ ಗಂಡ ಬಸ್ಸಿನ ಹೊತ್ತಾತು ಎಂದು ಕೂಗಿದ. ಅವಳು ಹಂಡೆಯ ನೀರಿನಿಂದ ಮುಖ ತೊಳೆದು, ನನ್ನ ಸೀರೆಯಿಂದ ಚೆನ್ನಾಗಿ ಒರೆಸಿಕೊಂಡು, "ಕೆಂಪಗ ಕಾಣಸ್ತಾವೇನು ಕಣ್ಣು?" ಎಂದು ಕೇಳಿದಳು. ಹೊಗೆಯೆಂದು ಹೇಳು ಅಂದೆ. ತಲೆಯಾಡಿಸಿ ಹೋದಳು.

ಈ ಉಗಾದಿಗೆ ಮೊದಲು ಅವಳೂ ತೀರಿಕೊಂಡಳು. ನಿಮ್ಮ ಮುತ್ಯಾನೂ ಇಲ್ಲ. ಬಾಗಿಲ ಹಿಂದೆ ನಿಂತು ಕೇಳಿದವಳು ಈಗ ನಾನೊಬ್ಬಳೇ. ಮದುವೆ ಮನೆಯಲ್ಲಿ ನಿಮಗೆ ಆ ಕಥೆ ಹೇಳಿ ನಗಿಸಿದ ಹುಡುಗ ಯಾರೆಂದು ನಾನು ವಿಚಾರಿಸಿದೆ. ಅವನು ಅವಳ ಮೊಮ್ಮಗ. ಅವನಿಗೆ ಅದು ತನ್ನ ಮುತ್ತಜ್ಜನ ಕಥೆ ಎಂಬುದೇ ಗೊತ್ತಿಲ್ಲ. ಸೊಸೆಗೆ ನೋವಾಗದಿರಲೆಂದೋ, ತಮಗೇ ನಾಚಿಕೆಯೆಂದೋ, ಆ ಮನೆಯವರು ಬಡಿಗನನ್ನು ಯಾವನೋ ಒಬ್ಬನನ್ನಾಗಿ ಮಾಡಿಟ್ಟಿದ್ದಾರೆ.

ಅವನಿಗೆ ಈಗಲೇ ಹೋಗಿ ಹೇಳಿ ಎಂದು ನಾನು ಅನ್ನುವುದಿಲ್ಲ. ಅವಳ ಗಂಡ ಇನ್ನೂ ಇದ್ದಾನೆ. ಇಷ್ಟು ವರ್ಷ ನಿಂತ ಮನೆಯಲ್ಲಿ ನಾನು ಜಗಳ ಇಡಲಾರೆ. ಆದರೆ ಆ ಹುಡುಗ ಒಂದಲ್ಲ ಒಂದು ದಿನ ತನ್ನ ಅಜ್ಜಿಯ ತವರುಮನೆ ಯಾವುದು, ಅಲ್ಲಿ ಯಾರಿದ್ದರು ಎಂದು ಕೇಳಿಯೇ ಕೇಳುತ್ತಾನೆ. ಹಾಗೆ ಕೇಳಿದ ದಿನ ಅವನ ಕೈಗೆ ಇವನ್ನು ಕೊಡಿ. ಆ ತನಕ ಈ ಹಾಳೆಗಳು ನಿಮ್ಮಲ್ಲಿರಲಿ ಮಕ್ಕಳೇ. ಚೂರೂ ಹರಿಯಬಾರದು.